ಮೊಳಕೆ ಬಂದರೆ ಮಣ್ಣು ಸುರಕ್ಷಿತವೇ?

ನಗರದ ಚರಂಡಿ ನೀರು, ಕಾರ್ಖಾನೆಯ ತ್ಯಾಜ್ಯ ಮತ್ತು ಗಣಿಯ ಮಣ್ಣಿನ ರಾಶಿಗಳಿಂದ ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ನಿಕ್ಕಲ್ ಮುಂತಾದ ಭಾರ ಲೋಹಗಳು ಜಮೀನನ್ನು ಸೇರುತ್ತವೆ. ಇಂಥ ಜಮೀನಿನಲ್ಲಿ ಬಿತ್ತಿದ ಬೀಜ ಚೆನ್ನಾಗಿ ಹುಟ್ಟಿದರೆ ಮಣ್ಣು ಕೆಟ್ಟಿಲ್ಲವೆಂದು ಭಾವಿಸುವುದುಂಟು. ಇದು ಸರಿಯಲ್ಲ.

ಬೀಜ ಮೊಳೆಯಲು ಬೇಕಾದ ಆಹಾರ ಬೀಜದಲ್ಲಿಯೇ ಇರುತ್ತದೆ. ಹೊರಗಿನಿಂದ ಬೇಕಾದದ್ದು ನೀರು, ಗಾಳಿ ಮತ್ತು ತಕ್ಕ ಉಷ್ಣತೆ. ನೀರಿನೊಡನೆ ಬರುವ ಲೋಹವನ್ನು ಬೀಜದ ಸಿಪ್ಪೆಯು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ಸಾಮಾನ್ಯವಾಗಿ ಲೋಹದ ಪ್ರಮಾಣ ಬಹಳ ಹೆಚ್ಚಾದಾಗ ಮಾತ್ರ ಮೊಳಕೆ ಕಡಿಮೆಯಾಗುತ್ತದೆ ಅಥವಾ ತಡವಾಗುತ್ತದೆ. ಆದರೆ ಬೇರು ಸಿಪ್ಪೆಯನ್ನು ಸೀಳಿ ಹೊರಬಂದೊಡನೆ ಈ ರಕ್ಷಣೆ ತಪ್ಪುತ್ತದೆ. ಬೇರಿನ ತುದಿಯ ಬೆಳವಣಿಗೆ ಕುಂಠಿತವಾಗಿ, ಬೇರು ಮೊಟಕಾಗುತ್ತದೆ.

ಕೆಲವು ಸಸ್ಯಗಳು ಲೋಹವನ್ನು ಸಹಿಸಬಲ್ಲವು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಹಳೆಯ ತಾಮ್ರ ಮತ್ತು ಸೀಸದ ಗಣಿಗಳ ಮೇಲೆ ಬೆಳೆಯುವ ಅಗ್ರೋಸ್ಟಿಸ್ ಹುಲ್ಲನ್ನು 1960ರ ದಶಕದಲ್ಲಿ ಬ್ರಾಡ್‌ಶಾ ಮತ್ತು ಸಂಗಡಿಗರು ಅಭ್ಯಾಸ ಮಾಡಿದರು. ಸಾಮಾನ್ಯ ಹುಲ್ಲುಗಾವಲಿನ ಬೀಜವೂ ಗಣಿ ಮಣ್ಣಿನಲ್ಲಿ ಮೊಳೆಯಿತು; ಆದರೆ ಬೇರು ಬೆಳೆಯದೆ ಹೆಚ್ಚಿನ ಸಸಿಗಳು ಸತ್ತವು. ಸಹಿಸುವ ಗುಣವಿದ್ದ ಕೆಲವೇ ಸಸಿಗಳು ಉಳಿದವು. ಈ ಗುಣ ಬೀಜದ ಮೂಲಕ ಮುಂದಿನ ಪೀಳಿಗೆಗೂ ಹೋಗುತ್ತದೆ.

ನಮ್ಮ ಸಾಸಿವೆಯೂ ಲೋಹವನ್ನು ಸಾಕಷ್ಟು ಸಹಿಸುವ ಬೆಳೆ. ಇಲ್ಲಿಯೇ ಅಪಾಯವಿರುವುದು. ಸಹಿಸುವ ಗಿಡವು ಲೋಹವನ್ನು ನಾಶ ಮಾಡುವುದಿಲ್ಲ. ಕ್ಯಾಡ್ಮಿಯಂ ಸೊಪ್ಪಿನಲ್ಲಿ ಶೇಖರವಾಗಿದ್ದರೂ ಗಿಡ ಹಸಿರಾಗಿಯೇ ಕಾಣಬಹುದು. ಇಂಥ ಸೊಪ್ಪನ್ನು ಬಹುಕಾಲ ತಿಂದರೆ ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ.

ಸರಳ ಪರೀಕ್ಷೆ: ಒಂದು ಕುಂಡದಲ್ಲಿ ಸಂಶಯದ ಮಣ್ಣನ್ನೂ ಇನ್ನೊಂದರಲ್ಲಿ ಒಳ್ಳೆಯ ಮಣ್ಣನ್ನೂ ತುಂಬಿ, ತಲಾ 20 ಸಾಸಿವೆ ಬೀಜಗಳನ್ನು ಬಿತ್ತಿರಿ. 10ನೆಯ ದಿನ ಸಸಿಗಳನ್ನು ಮಣ್ಣು ಸಮೇತ ತೆಗೆದು, ನೀರಿನಲ್ಲಿ ತೊಳೆದು, ಬೇರಿನ ಉದ್ದವನ್ನು ಅಳೆಯಿರಿ. ಬೇರು ಗಿಡ್ಡವಾಗಿದ್ದರೆ ಮಣ್ಣಿನಲ್ಲಿ ದೋಷವಿದೆಯೆಂದು ತಿಳಿಯಬೇಕು. ಚೌಳು ಅಥವಾ ಹುಳಿಯಿಂದಲೂ ಹೀಗಾಗುವುದರಿಂದ ಪ್ರಯೋಗಶಾಲೆಯ ಪರೀಕ್ಷೆ ಅವಶ್ಯ. ಬೇರು ಚೆನ್ನಾಗಿದ್ದರೂ, ಕೊಳಚೆ ನೀರು ಹರಿದ ಜಮೀನಾದರೆ, ಪರೀಕ್ಷೆಯನ್ನು ಬಿಡಬಾರದು.

ವರದಿ ಬರುವವರೆಗೆ ಅಲ್ಲಿ ಸೊಪ್ಪು, ಗೆಡ್ಡೆ ಮತ್ತು ಮೇವನ್ನು ಬೆಳೆಯದೆ ಹೂವಿನ ಬೆಳೆ ಇಡುವುದು ಲೇಸು. ಹುಳಿ ಮಣ್ಣಿಗೆ ಶಿಫಾರಸಿನಂತೆ ಸುಣ್ಣ ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಗಿಡಕ್ಕೆ ಸೇರುವ ಲೋಹ ಕಡಿಮೆಯಾಗುತ್ತದೆ. ಆದರೆ ಮಣ್ಣಿಗೆ ಬಿದ್ದ ಲೋಹ ಕೊಳೆತು ಹೋಗುವುದಿಲ್ಲ. ಆದುದರಿಂದ ಕೊಳಚೆ ನೀರು ಜಮೀನಿಗೆ ಬರದಂತೆ ತಡೆಯುವುದೇ ಮೊದಲ ಕೆಲಸ.