ಜಾಯ್‌ಸ್ಟಿಕ್ ನಡುಗೋದು ಯಾಕೆ?

ಗೋಕುಲಂ ಮೂರನೇ ಸ್ಟೇಜ್‌ನಲ್ಲಿರೋ ನಮ್ಮ ಪಿಜಿ ರೂಮಿಗೆ ಒಂದು ಸೈಡ್ ಬಿಸಿನೆಸ್ ಅಂಟಿಕೊಂಡಿದೆ. ಅಕ್ಕಪಕ್ಕದ ಮನೆಗಳ ಅಟ್ಟದಿಂದ ಇಳಿಯೋ ಹಳೇ ಗೇಮ್ ಕಂಟ್ರೋಲರ್‌ಗಳನ್ನ ನಾವು ಸರಿಮಾಡಿ ಕೊಡ್ತೀವಿ (ದುಡ್ಡು ಬರಲ್ಲ, ಕಾಫಿ ಬರುತ್ತೆ). ಹೆಚ್ಚಾಗಿ ಬರೋದು ತೊಂಬತ್ತರ ದಶಕದ ಪಿಸಿ ಜಾಯ್‌ಸ್ಟಿಕ್‌ಗಳು, ಸೌಂಡ್ ಕಾರ್ಡಿನ ಹಿಂದಿನ 15 ಪಿನ್ ಪೋರ್ಟಿಗೆ ಹಾಕ್ತಿದ್ದಂಥವು. ದೂರು ಮಾತ್ರ ಒಂದೇ: "ಕೈ ಅಲ್ಲಾಡಿಸದೇ ಇದ್ರೂ ವಿಮಾನ ಅಲ್ಲಾಡುತ್ತೆ." ಇವು ಅಂಗಡೀಲಿ ಹೊಸದಾಗಿ ಸಿಗಲ್ಲ. ರಿಪೇರಿ ಕೆಟ್ಟರೆ ಇದ್ದದ್ದೂ ಹೋಯ್ತು. ಅದಕ್ಕೇ ಸ್ಕ್ರೂ ಬಿಚ್ಚೋ ಮುಂಚೆ ನಡುಕ ಎಲ್ಲಿಂದ ಬರುತ್ತೆ ಅಂತ ನೋಡಬೇಕು.

ಜಾಯ್‌ಸ್ಟಿಕ್ ಬುಡದಲ್ಲಿ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ, ಎಡ-ಬಲಕ್ಕೆ ಒಂದು, ಹಿಂದೆ-ಮುಂದಕ್ಕೆ ಒಂದು. ಒಳಗೆ ಕುದುರೆ ಲಾಳದ ಆಕಾರದ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರೋ ಲೋಹದ ವೈಪರ್. ವರ್ಷಗಟ್ಟಲೆ ಉಜ್ಜಿ ಉಜ್ಜಿ ಕಾರ್ಬನ್ ಪುಡಿ ಉದುರುತ್ತೆ, ಗ್ರೀಸ್ ಒಣಗುತ್ತೆ, ಧೂಳು ಸೇರುತ್ತೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಬರೋ ಕರಕರ ಸದ್ದು ಇದೇ ಕಾಯಿಲೆ. ರೇಡಿಯೋದಲ್ಲಿ ಅದು ಕಿವಿಗೆ ಕೇಳುತ್ತೆ, ಜಾಯ್‌ಸ್ಟಿಕ್‌ನಲ್ಲಿ ಕಣ್ಣಿಗೆ ಕಾಣುತ್ತೆ.

ಆದರೆ ಪ್ಲೇಸ್ಟೇಷನ್ 2 ಕಂಟ್ರೋಲರ್‌ನಲ್ಲೂ ಪೊಟೆನ್ಶಿಯೋಮೀಟರೇ ಇರೋದು. ಅದು ಧೂಳಿಗೆ ಇಷ್ಟು ಬೇಗ ನಡುಗಲ್ಲ. ಯಾಕೆ? ಇಲ್ಲೇ ಮಜಾ ಇರೋದು, ಮತ್ತೆ ಇದು ನಮ್ಮ ಬೇಸಿಕ್ ಎಲೆಕ್ಟ್ರಾನಿಕ್ಸ್ ಸಿಲಬಸ್ಸೇ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಗೇಮ್ ಕಾರ್ಡಿನಲ್ಲಿ ಇದ್ದದ್ದು 558 ಅನ್ನೋ ಚಿಪ್. ಲ್ಯಾಬಿನಲ್ಲಿ ನಾವು ಬಳಸೋ 555 ಟೈಮರಿನ ನಾಲ್ಕು ತಮ್ಮಂದಿರು ಒಂದೇ ಮನೇಲಿ ಇದ್ದ ಹಾಗೆ. ಜಾಯ್‌ಸ್ಟಿಕ್‌ನ ರೆಸಿಸ್ಟೆನ್ಸ್ ಮೂಲಕ ಒಂದು ಕೆಪಾಸಿಟರ್ ಚಾರ್ಜ್ ಆಗುತ್ತೆ, ಅದಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಕಂಪ್ಯೂಟರ್ ಎಣಿಸುತ್ತೆ. ಲೆಕ್ಕ ಸುಲಭ: 24.2 ಮೈಕ್ರೋಸೆಕೆಂಡಿಗೆ ಪ್ರತಿ ಕಿಲೋಓಮ್‌ಗೆ 11 ಮೈಕ್ರೋಸೆಕೆಂಡ್ ಸೇರಿಸಿ. 100 ಕಿಲೋಓಮ್ ಆದ್ರೆ ಸುಮಾರು 1124. ಇಲ್ಲಿ ಪೊಟೆನ್ಶಿಯೋಮೀಟರಿನ ಮೂರು ಕಾಲುಗಳಲ್ಲಿ ಎರಡಕ್ಕೆ ಮಾತ್ರ ಕೆಲಸ. ಹಾಗಾಗಿ ವೈಪರ್ ಕೆಳಗಿನ ಕೊಳೆ 5 ಕಿಲೋಓಮ್ ಸೇರಿಸಿದ್ರೆ ಅದು ನೇರವಾಗಿ 55 ಮೈಕ್ರೋಸೆಕೆಂಡ್ ಸುಳ್ಳು ಹೇಳುತ್ತೆ. 1977ರ ಅಟಾರಿಯ ಗುಂಡಿ ತಿರುಗಿಸೋ ಪ್ಯಾಡಲ್‌ಗಳದ್ದೂ ಇದೇ ಕಥೆ.

ಪ್ಲೇಸ್ಟೇಷನ್‌ನಲ್ಲಿ ಮೂರೂ ಕಾಲಿಗೆ ವೈರ್ ಇದೆ, ಅಂದ್ರೆ ವೋಲ್ಟೇಜ್ ಡಿವೈಡರ್. ವೈಪರ್‌ನಿಂದ ಚಿಪ್‌ಗೆ ಹರಿಯೋ ಕರೆಂಟ್ ಹೆಚ್ಚುಕಮ್ಮಿ ಸೊನ್ನೆ. ಕರೆಂಟೇ ಇಲ್ಲದ ಮೇಲೆ ಕೊಳೆಯ ರೆಸಿಸ್ಟೆನ್ಸ್‌ನಲ್ಲಿ ವೋಲ್ಟೇಜ್ ಎಲ್ಲಿ ಬೀಳುತ್ತೆ? ಆದ್ದರಿಂದ ಅದು ನಡುಗೋ ಹೊತ್ತಿಗೆ ಪಟ್ಟಿ ಸವೆದಿರೋದೇ ಹೆಚ್ಚು. ಸ್ಪ್ರೇ ಹೊಡೆದ್ರೆ ನಾಲ್ಕು ದಿನ ನೆಮ್ಮದಿ, ಅಷ್ಟೆ.

ಪಿಸಿ ಜಾಯ್‌ಸ್ಟಿಕ್ ಆದ್ರೆ ಬಿಚ್ಚದೇ ಪರೀಕ್ಷೆ ಮಾಡಬಹುದು. ಮಲ್ಟಿಮೀಟರನ್ನ ಓಮ್‌ಗೆ ಇಟ್ಟು 1 ಮತ್ತು 3ನೇ ಪಿನ್ ಮುಟ್ಟಿಸಿ, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಹಿಂದೆ-ಮುಂದಕ್ಕೆ 1 ಮತ್ತು 6. ಮುಳ್ಳಿನ ಹಳೇ ಮೀಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು; ಡಿಜಿಟಲ್ ಅಂಕಿ ಬದಲಾಗೋ ಮುಂಚೆನೇ ಮುಳ್ಳು ಚಂಗನೆ ಹಾರುತ್ತೆ. ಎಲ್ಲೆಲ್ಲೋ ಹಾರಿದ್ರೆ ಕೊಳೆ. ಪ್ರತಿ ಸಲ ಒಂದೇ ಜಾಗದಲ್ಲಿ ಹಾರಿ, ಕ್ಲೀನ್ ಮಾಡಿದ ಮೇಲೂ ಹಾರಿದ್ರೆ ಸವೆತ.

ಕೊಳೆ ಆದ್ರೆ ಕಾಂಟ್ಯಾಕ್ಟ್ ಕ್ಲೀನರ್ ತಗೊಳ್ಳಿ, ಇಲ್ಲಾಂದ್ರೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್. ಕಾಲುಗಳ ಪಕ್ಕದ ಸಂದಿಯಲ್ಲಿ ಸ್ವಲ್ಪ ಬಿಟ್ಟು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಪೂರ್ತಿ ಒಣಗೋಕೆ ಬಿಡಿ. ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತೆ. ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ, ಉಳಿದಿರೋ ಕಾರ್ಬನ್ನೂ ಹೋಗುತ್ತೆ. ಆಲ್ಕೋಹಾಲ್ ಗ್ರೀಸನ್ನೂ ತೊಳೆದುಬಿಡೋದ್ರಿಂದ ತಿರುಗೋದು ತೀರಾ ಸಡಿಲ ಅನ್ನಿಸಬಹುದು. ಆಗ ಶಾಫ್ಟ್‌ಗೆ ಮಾತ್ರ ಚೂರು ಸಿಲಿಕೋನ್ ಗ್ರೀಸ್ ಹಚ್ಚಿ, ಪಟ್ಟಿಗೆ ತಾಗಿಸಬೇಡಿ.

ಸವೆತ ಆಗಿದ್ರೆ ಇನ್ನೊಂದು ಉಪಾಯ ಇದೆ, ನಮಗಂತೂ ತುಂಬ ಇಷ್ಟ. ಕೈ ಬಿಟ್ಟಾಗ ವೈಪರ್ ಯಾವಾಗಲೂ ನಡುವಿಗೇ ಬಂದು ನಿಲ್ಲೋದ್ರಿಂದ ಸವೆಯೋದೂ ಅಲ್ಲೇ. ಬುಡದಲ್ಲಿರೋ ಟ್ರಿಮ್ ಚಕ್ರ ತಿರುಗಿಸಿದ್ರೆ ನಡು ಅನ್ನೋ ಜಾಗ ಪಟ್ಟಿಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿಯುತ್ತೆ, ಸವೆಯದ ಕಾರ್ಬನ್ ಸಿಗುತ್ತೆ. ಆಮೇಲೆ ಮತ್ತೆ ಕ್ಯಾಲಿಬ್ರೇಟ್ ಮಾಡಿದ್ರಾಯ್ತು.

ಅದೂ ಆಗದಿದ್ರೆ ಹೊಸ ಪೊಟೆನ್ಶಿಯೋಮೀಟರ್. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋರು ಯಾರಾದ್ರೂ ಇದ್ರೆ ಹೇಳಿಕಳಿಸಿ. ಬರೀ "ನೂರು ಕೆ" ಅಂದ್ರೆ ಸಾಲದು, "ಬಿ ನೂರು ಕೆ" ಅನ್ನಿ. 'ಬಿ' ಅಂದ್ರೆ ಸಾಮಾನ್ಯವಾಗಿ ಲೀನಿಯರ್. ವಾಲ್ಯೂಮ್‌ಗೆ ಹಾಕೋ 'ಎ' ಲಾಗ್ ಟೈಪ್ ತಂದ್ರೆ ನಡುಕ ಹೋಗುತ್ತೆ ನಿಜ, ವಿಮಾನ ಮಾತ್ರ ಒಂದು ಕಡೆ ಆಮೆ, ಇನ್ನೊಂದು ಕಡೆ ರಾಕೆಟ್.

ಕಾಂಟ್ರಾ, ಮಾರಿಯೋ ಆಡ್ತಿದ್ದ ಟಿವಿ ಗೇಮ್ ಪ್ಯಾಡ್‌ಗಳಿಗೆ ಈ ಯಾವ ಕಾಯಿಲೆಯೂ ಬರಲ್ಲ, ಒಳಗೆ ಬರೀ ಸ್ವಿಚ್. ಬಟನ್ ಒತ್ತಿದ್ರೂ ಮಾರಿಯೋ ಹಾರದಿದ್ರೆ ರಬ್ಬರಿನ ಕೆಳಗಿರೋ ಕಪ್ಪು ಬಿಲ್ಲೆಯನ್ನ ಅದೇ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ ಕೂರಿಸಿ.