ಹುಲಿಯ ಪಟ್ಟೆಗೆ ಯಾವ ಡೇಟಾಬೇಸ್?

2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳು ತೆಗೆದ ಚಿತ್ರಗಳು 3,48,58,623. ಹುಲಿ ಸಿಕ್ಕಿದ್ದು 76,651ರಲ್ಲಿ. ಅಂದರೆ ನಾನೂರೈವತ್ತು ಚಿತ್ರ ತಿರುವಿ ಹಾಕಿದರೆ ಒಂದು ಹುಲಿ. ಮಿಕ್ಕಿದ್ದೆಲ್ಲ ಜಿಂಕೆ, ಕಾಟಿ, ಆನೆಯ ಸೊಂಡಿಲು, ಗಾಳಿಗೆ ಅಲ್ಲಾಡಿದ ಲಾಂಟಾನ, ಬೀಟ್‌ಗೆ ಹೊರಟ ವಾಚರ್‌ನ ಕಾಲು. ಆ ಸಲ ನಾಗರಹೊಳೆಗೆ ಸಿಕ್ಕ ಅಂದಾಜು 127 ಹುಲಿ, 2022ರಲ್ಲಿ 141. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವ ಈ ಅಂಕಿಯ ಹಿಂದೆ ಕಾಡಿನ ಕೆಲಸದಷ್ಟೇ ಕಂಪ್ಯೂಟರ್ ಕೆಲಸವೂ ಇದೆ. ಅಷ್ಟೊಂದು ಮಾಹಿತಿಯನ್ನು ಎಲ್ಲಿ, ಹೇಗೆ ಇಡಬೇಕೆಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೈಲಕುಪ್ಪೆಯಿಂದ ದಕ್ಷಿಣಕ್ಕೆ ಹೋದರೆ ಇದೇ ನಾಗರಹೊಳೆಯ ಕಾಡು. ಆನೆಚೌಕೂರು, ವೀರನಹೊಸಹಳ್ಳಿ, ಮೇಟಿಕುಪ್ಪೆ, ಅಂತರಸಂತೆ, ಡಿ.ಬಿ. ಕುಪ್ಪೆ ವಲಯಗಳಾಗಿ ಕಬಿನಿ ಹಿನ್ನೀರಿನವರೆಗೆ ಹಬ್ಬಿದೆ. ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಎಣಿಸುವ ಪದ್ಧತಿ ವಿಜ್ಞಾನವಾಗಿ ಗಟ್ಟಿಯಾದದ್ದು ಇಲ್ಲೇ. 1990ರ ದಶಕದ ಆರಂಭದಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಕಾಲುದಾರಿಗಳಲ್ಲಿ ಕ್ಯಾಮೆರಾ ಕಟ್ಟಿದರು. 1995ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೆಜ್ಜೆಗುರುತಿನ ಎಣಿಕೆಗೆ ಬದಲಾಗಿ ಸಂಖ್ಯಾಶಾಸ್ತ್ರದ ದಾರಿ ತೋರಿಸಿತು. ಆಗ ಪಟ್ಟೆ ಹೋಲಿಸುತ್ತಿದ್ದದ್ದು ಕಣ್ಣಿನಿಂದಲೇ. ಚಿತ್ರ ಕಡಿಮೆಯಿದ್ದಾಗ ಅದು ಸಾಗುತ್ತದೆ.

ಈಗ ಸಾಗುವುದಿಲ್ಲ. 76,651 ಚಿತ್ರಗಳಲ್ಲಿ ಪ್ರತಿಯೊಂದರ ಪಕ್ಕ ಉಳಿದ ಪ್ರತಿಯೊಂದನ್ನೂ ಇಟ್ಟು ನೋಡಿದರೆ ಸುಮಾರು 294 ಕೋಟಿ ಜೋಡಿಗಳಾಗುತ್ತವೆ. ಹುಲಿಯ ಎಡ ಮಗ್ಗುಲಿನ ಪಟ್ಟೆಗೂ ಬಲ ಮಗ್ಗುಲಿನದಕ್ಕೂ ಸಂಬಂಧವಿಲ್ಲ. ಅದಕ್ಕೇ ದಾರಿಯ ಎರಡೂ ಬದಿ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ. ಎಡವನ್ನು ಎಡದೊಂದಿಗೆ ಮಾತ್ರ ಹೋಲಿಸಿ, ಒಂದು ಅರಣ್ಯದ್ದನ್ನು ಮೊದಲು ಅದೇ ಅರಣ್ಯದ್ದರೊಂದಿಗೆ ನೋಡಿದರೆ ಲೆಕ್ಕ ಬಹಳಷ್ಟು ಇಳಿಯುತ್ತದೆ. ಆದರೂ ಒಂದು ಕಂಪ್ಯೂಟರ್‌ಗೆ ಹೊರಲಾಗುವಂಥದ್ದಲ್ಲ. ನೂರಾರು ಕೋರ್‌ಗಳಿಗೆ ಹಂಚಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ಸ್‌ನ ‘ಪರಮ್ ಪ್ರವೇಗ’ದಂಥ ಯಂತ್ರಗಳು ಇರುವುದೇ ಇಂಥ ಕೆಲಸಕ್ಕೆ.

ಇಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆ: ಯಾವ ಡೇಟಾಬೇಸ್ ವೇಗ? ನನ್ನ ಮಟ್ಟಿಗೆ ಆ ಪ್ರಶ್ನೆಯೇ ಸರಿಯಿಲ್ಲ. ಒಂದೇ ಹೊತ್ತಿಗೆ ಎಷ್ಟು ಜನ ಬರೆಯುತ್ತಾರೆ, ಯಾರು ಓದುತ್ತಾರೆ, ಇಪ್ಪತ್ತು ವರ್ಷದ ನಂತರ ಯಾರು ತೆರೆಯಬೇಕು? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಹೆಸರು ತಾನಾಗಿ ಹೊರಬೀಳುತ್ತದೆ.

ಎಸ್‌ಕ್ಯೂಲೈಟ್ ತೆಗೆದುಕೊಳ್ಳಿ. ಒಂದೇ ಫೈಲು, ಸರ್ವರ್ ಬೇಡ, ಹಣವೂ ಬೇಡ. ಕಾಡಿನಂಚಿನ ಕ್ಯಾಂಪಿನಲ್ಲಿ ಮೆಮೊರಿ ಕಾರ್ಡ್ ಖಾಲಿ ಮಾಡುವ ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಬರೆಯಬಹುದು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ನೂರಾರು ಬೇಲು ಒಟ್ಟಿಗೆ ಬಂದು, ಲೆಕ್ಕ ಬರೆಯುವ ಪುಸ್ತಕ ಒಂದೇ ಇದ್ದರೆ ಏನಾದೀತೋ ಅದೇ ಆಗುತ್ತದೆ. ಜೊತೆಗೆ, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಡಿಸ್ಕ್ ಮೇಲೆ ಆ ಫೈಲನ್ನು ಇಟ್ಟು ಹಲವು ಯಂತ್ರಗಳಿಂದ ಬರೆಯಹೊರಟರೆ ಫೈಲೇ ಕೆಡಬಹುದು ಎಂದು ಅದನ್ನು ಬರೆದವರೇ ಎಚ್ಚರಿಸಿದ್ದಾರೆ. ಸೂಪರ್‌ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ಇರುವುದು ಬಹುಪಾಲು ಹೀಗೆ ಹಂಚಿಕೊಂಡೇ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಈ ತೊಂದರೆ ಕಳೆಯುತ್ತದೆ. ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಪೋಸ್ಟ್‌ಜಿಐಎಸ್ ಸೇರಿಸಿಕೊಂಡರೆ ಕ್ಯಾಮೆರಾ ಇದ್ದ ಜಾಗ, ವಲಯದ ಗಡಿ, ಕೆರೆಯಿಂದ ದೂರ ಎಲ್ಲವನ್ನೂ ಅಲ್ಲೇ ಕೇಳಬಹುದು. ಒಂದೊಂದು ಕಂಪನಿಯ ಕ್ಯಾಮೆರಾ ಒಂದೊಂದು ಥರ ವಿವರ ಬರೆಯುವುದರಿಂದ ಕಾಲಂಗಳ ಕಟ್ಟುಪಾಡಿಲ್ಲದ ಮೊಂಗೋಡಿಬಿ ಬೇಕೆನ್ನುವವರಿದ್ದಾರೆ; ಪೋಸ್ಟ್‌ಗ್ರೆಸ್‌ನಲ್ಲಿ 2014ರಿಂದಲೇ ಇರುವ ಜೇಸನ್‌ಬಿ ಕಾಲಂ ಒಂದು ಆ ಕೆಲಸಕ್ಕೆ ಸಾಕು. ಎಡವುವ ಜಾಗ ಬೇರೆ. ಪೋಸ್ಟ್‌ಗ್ರೆಸ್ ಹೊರಗಿನಿಂದ ಒಪ್ಪಿಕೊಳ್ಳುವ ಸಂಪರ್ಕಗಳ ಮಿತಿ, ಯಾರೂ ಬದಲಾಯಿಸದಿದ್ದರೆ, ನೂರು. ಸಾವಿರ ಪ್ರೊಸೆಸ್‌ಗಳನ್ನು ಒಟ್ಟಿಗೆ ಓಡಿಸಿ, ಪ್ರತಿಯೊಂದೂ ತನ್ನದೇ ಸಂಪರ್ಕ ತೆರೆಯುವಂತೆ ಬರೆದ ಪ್ರೋಗ್ರಾಂ ಮೊದಲ ನಿಮಿಷದಲ್ಲೇ ಬೀಳುತ್ತದೆ. ಮಿತಿಯನ್ನು ಸಾವಿರಕ್ಕೆ ಏರಿಸುವುದು ಮದ್ದಲ್ಲ, ಪ್ರತಿ ಸಂಪರ್ಕಕ್ಕೂ ಸರ್ವರ್‌ನಲ್ಲಿ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟುತ್ತದೆ. ಒಂದೊಂದು ಪ್ರೊಸೆಸ್ಸೂ ತನ್ನ ಫಲಿತಾಂಶವನ್ನು ತನ್ನದೇ ಫೈಲಿಗೆ ಬರೆದುಕೊಂಡು, ಕೊನೆಯಲ್ಲಿ ಅವನ್ನೆಲ್ಲ ಒಂದೇ ಪ್ರೋಗ್ರಾಂ ಸಗಟಾಗಿ ತುಂಬಿಸುವುದು ವಾಸಿ.

ಇನ್ನು ಚಿತ್ರಗಳು. ಅವನ್ನು ಡೇಟಾಬೇಸಿನ ಹೊಟ್ಟೆಗೆ ಹಾಕಬೇಡಿ. ಫೈಲುಗಳಾಗಿಯೇ ಇರಲಿ, ಟೇಬಲ್‌ನಲ್ಲಿ ವಿಳಾಸ, ಸಮಯ, ಕ್ಯಾಮೆರಾ ಸಂಖ್ಯೆ, ಫೈಲಿನ ಚೆಕ್‌ಸಮ್ ಇದ್ದರೆ ಸಾಕು. ಹಾಗೆಂದು ಲಕ್ಷಗಟ್ಟಲೆ ಪುಟ್ಟ ಫೈಲುಗಳನ್ನು ಸೂಪರ್‌ಕಂಪ್ಯೂಟರ್‌ನ ಲಸ್ಟರ್ ಡಿಸ್ಕ್ ಮೇಲೆ ಸುರಿದರೂ ಕಷ್ಟ. ಫೈಲಿನ ಹೆಸರು ಹುಡುಕುವ ಸರ್ವರ್‌ಗೇ ಉಸಿರು ಕಟ್ಟುತ್ತದೆ, ಕೋರ್‌ಗಳು ಕಾಯುತ್ತ ಕೂರುತ್ತವೆ. ಸಾವಿರಾರು ಚಿತ್ರಗಳನ್ನು ಒಂದೊಂದು ದೊಡ್ಡ ಕಟ್ಟಾಗಿ ಕಟ್ಟಿ ಒಯ್ಯಬೇಕು. ಕೊನೆಯ ಹಂತದ ಲೆಕ್ಕ, ಅಂದರೆ ಎಲ್ಲಿ ಎಷ್ಟು ಹುಲಿ ಇರಬಹುದು ಎಂಬ ಅಂದಾಜು, ಉದ್ದುದ್ದ ಅಂಕಿಸಾಲುಗಳನ್ನು ಉಗುಳುತ್ತದೆ. ಅರ್ಜುನ್ ಗೋಪಾಲಸ್ವಾಮಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ‘ಸ್ಪೇಸ್‌ಕ್ಯಾಪ್’ ಈ ಬಗೆಯ ಲೆಕ್ಕದ ತಂತ್ರಾಂಶ. ಆ ಸಾಲುಗಳಿಗೆ ಟೇಬಲ್ ಸರಿಹೊಂದುವುದಿಲ್ಲ, ಎಚ್‌ಡಿಎಫ್5 ಫೈಲು ಸರಿ. ಹಲವು ಪ್ರೊಸೆಸ್‌ಗಳು ಒಟ್ಟಿಗೆ ಅದರ ಬೇರೆಬೇರೆ ಭಾಗಕ್ಕೆ ಬರೆಯಬಲ್ಲವು.

ಆಕಾಶ ನೋಡುವವರೂ ತಿರುಗಿ ತಿರುಗಿ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಅಮೆರಿಕದ ಸ್ಲೋನ್ ಆಕಾಶ ಸಮೀಕ್ಷೆಯವರು ಮೊದಲು ನೆಚ್ಚಿದ್ದು ‘ಆಬ್ಜೆಕ್ಟಿವಿಟಿ’ ಎಂಬ ಹೊಸ ಬಗೆಯ ಡೇಟಾಬೇಸನ್ನು. ಆಮೇಲೆ ಡೇಟಾಬೇಸ್ ವಿಜ್ಞಾನಿ ಜಿಮ್ ಗ್ರೇ ಜೊತೆ ಕೂತು ಸಾದಾ ಎಸ್‌ಕ್ಯೂಎಲ್ ಸರ್ವರ್‌ಗೆ ಬಂದರು. ನಕ್ಷತ್ರಗಳ ಪಟ್ಟಿ ಡೇಟಾಬೇಸಿಗೆ, ಚಿತ್ರಗಳು ಫೈಲಿಗೆ. ಸ್ಟ್ಯಾನ್‌ಫರ್ಡ್‌ನ ಬಾಬರ್ ಕಣವಿಜ್ಞಾನ ಪ್ರಯೋಗವೂ ಅದೇ ಆಬ್ಜೆಕ್ಟಿವಿಟಿಯನ್ನು ಬಿಟ್ಟು ರೂಟ್ ಎಂಬ ಫೈಲಿನ ಕಡೆ ಹೊರಳಿತು.

ಇಪ್ಪತ್ತು ವರ್ಷದ ಮಾತಿಗೆ ಬೈಲಕುಪ್ಪೆಯಲ್ಲೇ ಒಂದು ನಿದರ್ಶನವಿದೆ. 1980ರ ದಶಕದ ಕೊನೆಯಲ್ಲಿ ಇಲ್ಲಿನ ಸೆರಾ ಮೇ ಮಠದಲ್ಲಿ ‘ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್’ ಎಂಬ ಯೋಜನೆ ಟಿಬೆಟನ್ ಗ್ರಂಥಗಳನ್ನು ಕಂಪ್ಯೂಟರಿಗೆ ಇಳಿಸತೊಡಗಿತು. ಟಿಬೆಟನ್ ಲಿಪಿಗೆ ಕಂಪ್ಯೂಟರಿನಲ್ಲಿ ಒಪ್ಪಿತ ವ್ಯವಸ್ಥೆಯೇ ಇಲ್ಲದ ಕಾಲ. ಅವರು ಗ್ರಂಥಗಳನ್ನು ರೋಮನ್ ಅಕ್ಷರದಲ್ಲಿ, ಸಾದಾ ಟೆಕ್ಸ್ಟ್ ಫೈಲುಗಳಾಗಿ ಬೆರಳಚ್ಚು ಮಾಡಿಸಿದರು. ಫ್ಲಾಪಿ ಹೋಯಿತು, ಡಾಸ್ ಹೋಯಿತು. ಆ ಫೈಲುಗಳನ್ನು ಇವತ್ತಿನ ಯಾವ ಲ್ಯಾಪ್‌ಟಾಪ್ ಬೇಕಾದರೂ ತೆರೆಯುತ್ತದೆ. ಹುಲಿಯ ಮಾಹಿತಿಗೂ ಇದೇ ಬಾಳಿಕೆ ಬೇಕು. ನಾಗರಹೊಳೆಯಂಥ ಕಡೆ ದಶಕಗಳ ದಾಖಲೆ ಇರುವುದರಿಂದಲೇ ಒಂದು ಹುಲಿ ಎಷ್ಟು ವರ್ಷ ಬದುಕಿತು, ಎಲ್ಲಿಗೆ ವಲಸೆ ಹೋಯಿತು ಎಂದು ಹೇಳಲು ಸಾಧ್ಯ.

ಎರಡು ಸಣ್ಣ ಮಾತುಗಳನ್ನು ಬಿಡುವಂತಿಲ್ಲ. ಬ್ಯಾಟರಿ ಬದಲಾಯಿಸಿದಾಗ ಕೆಲವು ಕ್ಯಾಮೆರಾಗಳ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಜಿಗಿಯುತ್ತದೆ. ತಪ್ಪು ಸಮಯವನ್ನು ಅಳಿಸಿ ತಿದ್ದಬೇಡಿ. ಮೂಲ ಒಂದು ಕಾಲಂನಲ್ಲಿ, ತಿದ್ದಿದ್ದು ಇನ್ನೊಂದರಲ್ಲಿ ಇರಲಿ. ಎರಡನೆಯದು ಗುಟ್ಟು. ಯಾವ ಹುಲಿ ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ನಡೆಯುತ್ತದೆ ಎಂಬ ಪಟ್ಟಿ ಬೇಟೆಗಾರನ ಕೈಗೆ ಸಿಗಬಾರದು. ಯಾರಿಗೆ ಯಾವ ಸಾಲು ಕಾಣಬೇಕೆಂದು ಕಟ್ಟುನಿಟ್ಟಾಗಿ ಗೆರೆ ಎಳೆಯುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿ ಇದೆ, ಬರೀ ಫೋಲ್ಡರ್‌ನಲ್ಲಿ ಇಲ್ಲ. ನನಗೆ ಇದೊಂದೇ ಕಾರಣ ಸಾಕು.

ಹೊಸ ಯೋಜನೆಗೆ ಕೈಹಾಕುವ ಸಂಶೋಧಕರು ದುಬಾರಿ ಲೈಸೆನ್ಸ್‌ನ ಕಾಗದಕ್ಕೆ ಸಹಿ ಹಾಕುವ ಮುಂಚೆ ಹತ್ತು ಸಾವಿರ ಚಿತ್ರಗಳನ್ನು ಇಟ್ಟುಕೊಂಡು, ಇನ್ನೂರು ಪ್ರೊಸೆಸ್‌ಗಳಿಂದ ಒಟ್ಟಿಗೆ ಬರೆಸಿ, ನಡುವೆ ಬೇಕೆಂದೇ ಒಮ್ಮೆ ಕರೆಂಟ್ ತೆಗೆದು ನೋಡಲಿ. ಮತ್ತೆ ಹಚ್ಚಿದಾಗ ಲೆಕ್ಕ ತಪ್ಪದೆ ಎದ್ದು ನಿಂತದ್ದನ್ನೇ ಆರಿಸಿಕೊಳ್ಳಲಿ.