ಹುಮ್ಮಸ್ಸು ಬರೋದು ಜೂನ್‌ನಲ್ಲಿ, ತೋಟ ಉಳಿಯೋದು ಏಪ್ರಿಲ್‌ನಲ್ಲಿ

ರಾಗಿ ಬಿತ್ತಿದರೆ ನಾಲ್ಕು ತಿಂಗಳಲ್ಲಿ ಲೆಕ್ಕ ಗೊತ್ತಾಗುತ್ತೆ. ಮಾವು ಹಾಗಲ್ಲ. ಕಸಿ ಗಿಡ ನೆಟ್ಟರೂ ನಾಲ್ಕು ಕಾಸು ಕೈಗೆ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ದುಡ್ಡು, ನೀರು, ಮೈಕೈ ನೋವು ಎಲ್ಲ ನಮ್ಮ ಕಡೆಯಿಂದಲೇ ಹೋಗುತ್ತೆ, ಆ ಕಡೆಯಿಂದ ಏನೂ ಬರಲ್ಲ. ತೋಟ ಮಾಡ್ತೀನಿ ಅಂತ ಹೊರಟ ಹುಡುಗರು ಕೈಬಿಡೋದು ಈ ವರ್ಷಗಳಲ್ಲೇ. ನಾನೂ ಬಿಟ್ಟಿದ್ದೆ. ಯಾಕೆ ಬಿಟ್ಟೆ, ಮತ್ತೆ ಹೇಗೆ ಹಿಡಿದೆ ಅನ್ನೋದನ್ನು ಈ ವಾರ ಹೇಳ್ತೀನಿ.

144 ಗಿಡ, ಒಂದೇ ವಾರದಲ್ಲಿ

ನಮ್ಮದು ಶ್ರೀನಿವಾಸಪುರ ಕಡೆ ಮೂರು ಎಕರೆ ಖುಷ್ಕಿ ಜಮೀನು. 2014ರಲ್ಲಿ ಅಪ್ಪ ಎರಡು ಹಾಲಿನ ಹಸು ಮಾರಿ ದುಡ್ಡು ಕೊಟ್ಟರು. ಜೂನ್ ಮಳೆ ಬೀಳುತ್ತಿದ್ದಂತೆ 30 ಅಡಿ ಅಂತರದಲ್ಲಿ, ಸಾಲಿಗೆ 12ರಂತೆ 12 ಸಾಲು, ಬಾದಾಮಿ ಮತ್ತು ತೋತಾಪುರಿ ನೆಟ್ಟೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. "ಸೂಪರ್ ಮಗಾ" ಅಂತ ನೂರು ಮೆಸೇಜ್ ಬಂತು. ನಿಜ ಹೇಳಬೇಕಂದರೆ, ಅವತ್ತೇ ತೋಟ ಆಗಿಹೋಯಿತು ಅನ್ನಿಸಿಬಿಟ್ಟಿತ್ತು.

ಮುಂದಿನ ಮಾರ್ಚ್‌ನಲ್ಲಿ ಪಕ್ಕದವರ ಬೋರ್‌ವೆಲ್ ನಿಂತಿತು. ನಾವು ನೀರು ತರುತ್ತಿದ್ದುದು ಅಲ್ಲಿಂದಲೇ. ಅದೇ ಹೊತ್ತಿಗೆ ತಂಗಿ ಮದುವೆ. ಮೂರು ವಾರ ಹೊಲದ ಕಡೆ ಹೋಗಲಾಗಲಿಲ್ಲ. ಹೋಗಿ ನೋಡಿದರೆ ಅರ್ಧಕ್ಕರ್ಧ ಎಲೆ ಸುಟ್ಟು ನಿಂತಿದ್ದವು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎರಡು ತಿಂಗಳು ನಾನು ಆ ದಾರಿಯಲ್ಲೇ ಓಡಾಡಲಿಲ್ಲ. ಸೋಮಾರಿತನ ಅಲ್ಲ ಅದು, ನಾಚಿಕೆ. ದೊಡ್ಡ ಕೆಲಸ ಅರ್ಧಕ್ಕೆ ನಿಂತಾಗ ಅದರ ಮುಖ ನೋಡೋಕೆ ಆಗಲ್ಲ, ನೋಡದೇ ಇದ್ದಷ್ಟೂ ಅದು ಇನ್ನೂ ಹಾಳಾಗುತ್ತೆ.

ಮೇ ತಿಂಗಳಲ್ಲಿ ಒಂದು ಸಂಜೆ ಅಮ್ಮ ಬಿಂದಿಗೆ ಹಿಡಿದು ಹೊರಟಿದ್ದು ನೋಡಿ ಹಿಂದೆ ಹೋದೆ. ಬದುವಿನ ಪಕ್ಕದ ಒಂದು ಸಾಲಿಗೆ ನೀರು ಹಾಕುತ್ತಿದ್ದಳು. ಹನ್ನೆರಡಕ್ಕೆ ಹನ್ನೆರಡೂ ಹಸಿರು. "ಎಲ್ಲಾದಕ್ಕೂ ನನ್ನ ಕೈಲಿ ಆಗಲ್ಲ ಕಣಪ್ಪ, ಇಷ್ಟಕ್ಕೆ ಆಗುತ್ತೆ" ಅಂದಳು.

ನಾನು ಮಾಡದೇ ಇದ್ದ ಲೆಕ್ಕ ಅದೇ.

ಒಳ್ಳೆ ವಾರದ ಲೆಕ್ಕ ಬೇಡ, ಕೆಟ್ಟ ವಾರದ ಲೆಕ್ಕ ಹಾಕಿ

ಎಳೆ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ 20 ಲೀಟರ್ ಅಂತ ಇಟ್ಟುಕೊಳ್ಳಿ. 144 ಗಿಡಕ್ಕೆ 2,880 ಲೀಟರ್. ನಮ್ಮ ಗಾಡಿಯಲ್ಲಿ 200 ಲೀಟರಿನ ಎರಡು ಡ್ರಮ್ ಹಿಡಿಯುತ್ತೆ, ಅಂದರೆ ವಾರಕ್ಕೆ ಎಂಟು ಸಲ ಓಡಾಟ. ಮನೆಯಲ್ಲಿ ಮದುವೆ, ಜ್ವರ, ಎತ್ತಿಗೆ ಕಾಲು ನೋವು ಇದ್ದ ವಾರದಲ್ಲಿ ಎಂಟು ಸಲ ಯಾರ ಕೈಲಿ ಆಗುತ್ತೆ?

24 ಗಿಡಕ್ಕಾದರೆ 480 ಲೀಟರ್, ಎರಡು ಸಲ ಓಡಾಡಿದರೆ ಮುಗೀತು. ಎಂಥ ಕೆಟ್ಟ ವಾರದಲ್ಲೂ ಇದು ಆಗುತ್ತೆ.

ಆ ಜೂನ್‌ನಲ್ಲಿ ಎಣಿಸಿದೆ. 61 ಉಳಿದಿದ್ದವು, 83 ಹೋಗಿದ್ದವು. ಸತ್ತ ಜಾಗಕ್ಕೆ ವರ್ಷಕ್ಕೆ 24ರಂತೆ ಮೂರು ವರ್ಷ, ನಾಲ್ಕನೇ ವರ್ಷ ಉಳಿದ 11 ನೆಟ್ಟೆ. ಬೇರು ಇಳಿದ ಹಳೇ ಗಿಡಗಳಿಗೆ ಮುಚ್ಚಿಗೆ ಮಾಡಿ, 15 ದಿನಕ್ಕೊಮ್ಮೆ ನೀರು ಕೊಟ್ಟೆ. ತಡ ಆಯಿತು ನಿಜ, ಆದರೆ ಮತ್ತೆ ಬಿಡಲಿಲ್ಲ.

ಇನಾಮು ಬೇರೆ ಕಡೆ ಇಟ್ಟುಕೊಳ್ಳಿ

ಕಸಿ ಗಿಡ ಮೊದಲ ಎರಡು ಮೂರು ವರ್ಷದಲ್ಲೇ ಹೂ ಬಿಡುತ್ತೆ. ಆ ಹೂವನ್ನು ಚಿವುಟಿ ಹಾಕಬೇಕು, ಇಲ್ಲದಿದ್ದರೆ ಶಕ್ತಿಯೆಲ್ಲ ಕಾಯಿಗೆ ಹೋಗಿ ಗಿಡ ಬೆಳೆಯಲ್ಲ. ಕಷ್ಟಪಟ್ಟು ಬೆಳೆಸಿದ ಗಿಡದ ಮೊದಲ ಹೂವನ್ನು ಕೀಳೋಕೆ ಕೈ ಬರಲ್ಲ. ಆದರೂ ಕೀಳಲೇಬೇಕು.

ಹಾಗಾಗಿ ಮನಸ್ಸಿಗೂ ಜೇಬಿಗೂ ಬೇರೆ ಏನಾದರೂ ಬೇಕು. ಸಾಲುಗಳ ಮಧ್ಯೆ ನೆಲಗಡಲೆ, ಅಲಸಂದೆ, ಹುರುಳಿ ಹಾಕಿ. ಬುಡದಿಂದ ಮೂರ್ನಾಲ್ಕು ಅಡಿ ಬಿಟ್ಟು ಬಿತ್ತಿ. ಗಿಡದ ಹೆಸರಲ್ಲಿ ಖರ್ಚು, ಮಧ್ಯದ ಬೆಳೆಯಲ್ಲಿ ಅಷ್ಟಿಷ್ಟು ಆದಾಯ. ಜೊತೆಗೆ ಬೆಳೆ ನೋಡೋಕೆ ಹೋದವನು ಗಿಡಾನೂ ನೋಡ್ತಾನೆ. ನನ್ನನ್ನು ಹೊಲಕ್ಕೆ ಎಳೆದದ್ದು ಮಾವಲ್ಲ, ಅಲಸಂದೆ.

ಮನಸ್ಸು ಬರಲಿ ಅಂತ ಕಾಯಬೇಡಿ

ದಕ್ಷಿಣ ಕನ್ನಡದ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರುತ್ತೀರಿ. ಕೂಲಿ ಕೆಲಸ ಮುಗಿಸಿ ಬಂದು, ಒಬ್ಬರೇ ಗುಡ್ಡ ಕೊರೆದು ನೀರಿಗಾಗಿ ಸುರಂಗ ತೋಡಿದವರು. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಆದರೂ ಬಿಡದೆ ತೋಡಿ, ಕೊನೆಗೆ ನೀರು ಕಂಡು, ಬೋಳು ಗುಡ್ಡದಲ್ಲಿ ಅಡಿಕೆ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಇದರಲ್ಲಿ ನಾನು ಕಲಿತದ್ದು ಛಲದ ಮಾತಲ್ಲ, ಹೊತ್ತಿನ ಮಾತು. ಕೂಲಿ ಮುಗಿದ ಮೇಲಿನ ಹೊತ್ತು ಆ ಕೆಲಸಕ್ಕೆ ಅಂತಲೇ ಇತ್ತು.

ನಾನು ಮಂಗಳವಾರ, ಶನಿವಾರ ಬೆಳಗ್ಗೆ ಆರಕ್ಕೆ ಅಲಾರಂ ಇಟ್ಟೆ. ಮನಸ್ಸಿಲ್ಲದ ದಿನ ಹತ್ತೇ ನಿಮಿಷ ಅಂದುಕೊಂಡು ಹೊರಡುತ್ತಿದ್ದೆ. ಕಸಿ ಗಂಟಿನ ಕೆಳಗೆ ಬಂದ ಚಿಗುರು ಮುರಿಯೋದು, ಬುಡದ ಕಳೆ ಕೀಳೋದು. ಹೋದ ಮೇಲೆ ಹತ್ತು ನಿಮಿಷಕ್ಕೆ ವಾಪಸ್ ಬಂದದ್ದು ಕಡಿಮೆ.

ಫೋನ್ ಹೀಗೆ ಬಳಸಿ

ಪ್ರತಿ ತಿಂಗಳ ಒಂದನೇ ತಾರೀಖು ಅದೇ ಗಿಡ, ಅದೇ ಜಾಗದಿಂದ ಒಂದು ಫೋಟೋ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಕೋಲು ನೆಟ್ಟಿರಲಿ. ಸ್ಟೇಟಸ್‌ಗೆ ಹಾಕಬೇಡಿ, ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ದಿನಾ ನೋಡೋರಿಗೆ ಗಿಡ ಬೆಳೆದದ್ದು ಕಾಣಲ್ಲ. "ಏನೂ ಆಗ್ತಿಲ್ಲ" ಅನ್ನಿಸಿದ ದಿನ ಒಂದು ವರ್ಷದ ಹಿಂದಿನ ಫೋಟೋ ತೆಗೆದು ನೋಡಿ. ಇವತ್ತು ಹೋಗಿದ್ದು ಸಾರ್ಥಕ ಅನ್ನಿಸುತ್ತೆ.

ವರ್ಷದ ಕೆಲಸ, ತುಂಡು ತುಂಡಾಗಿ

• ಏಪ್ರಿಲ್–ಮೇ: 3 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಆಮೇಲೆ ಮೇಲ್ಮಣ್ಣು, ಕೊಳೆತ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ.
• ಜೂನ್–ಜುಲೈ: ಮಳೆ ಹದ ನೋಡಿ ನೆಡಿ. ಕಸಿ ಗಂಟು ಮಣ್ಣಿನಿಂದ ಮೇಲಿರಲಿ, ಕೋಲು ಕಟ್ಟಿ.
• ಅಕ್ಟೋಬರ್–ನವೆಂಬರ್: ತೇವ ಇರುವಾಗಲೇ ಒಣಗಿದ ಎಲೆ, ಕಳೆಯಿಂದ ಮುಚ್ಚಿಗೆ ಮಾಡಿ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತೆ.
• ಫೆಬ್ರವರಿ–ಮೇ: ನೀರು. ತೋಟ ಉಳಿಯೋದು, ಹೋಗೋದು ತೀರ್ಮಾನ ಆಗೋದು ಇಲ್ಲೇ.

2019ರಲ್ಲಿ ಹಳೇ 61 ಗಿಡದಲ್ಲಿ ಮೊದಲ ಸಲ ಮಾರುವಷ್ಟು ಕಾಯಿ ಬಂತು. ಹಸು ಕೊಳ್ಳುವಷ್ಟು ದುಡ್ಡೇನೂ ಆಗಲಿಲ್ಲ, ಒಂದು ಹೆಣ್ಣು ಕರು ಬಂತು. ಅಪ್ಪ ಅದಕ್ಕೆ ತಾವೇ ಹಗ್ಗ ಹೊಸೆದು ಕಟ್ಟಿದರು.

ನಿಮ್ಮದು ಮಾವೇ ಆಗಬೇಕಿಲ್ಲ. ತೆಂಗು, ಹುಣಸೆ, ಕೃಷಿ ಹೊಂಡ, ಬದು ಕಟ್ಟೋದು, ಯಾವುದೇ ಇರಲಿ. ಈ ವಾರ ಒಂದು ಕೆಲಸ ಮಾಡಿ. ಕಳೆದ ವರ್ಷದ ನಿಮ್ಮ ಅತಿ ಕೆಟ್ಟ ವಾರ ನೆನಪಿಸಿಕೊಂಡು, ಆ ವಾರದಲ್ಲೂ ಎಷ್ಟು ಮಾಡಬಹುದಿತ್ತು ಅಂತ ಚೀಟಿಯಲ್ಲಿ ಬರೆಯಿರಿ. ಈ ವರ್ಷ ಅಷ್ಟಕ್ಕೇ ಕೈ ಹಾಕಿ. ಉಳಿದ ಜಮೀನು ಎಲ್ಲೂ ಓಡಿಹೋಗಲ್ಲ.